ಮುರ ಪದವಿನಲ್ಲಿ ತಾತ್ಕಾಲಿಕ ಹೆಲಿಪ್ಯಾಡ್: ಧೂಳು ಕಟ್ಟುತ್ತದೆ, ಸ್ಥಾಯೀ ವಿದ್ಯುತ್ ಬಿಟ್ಟುಹೋಗಿದೆ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ಬ್ರಹ್ಮಕಲಶೋತ್ಸವಕ್ಕೆ ಪುಷ್ಪವೃಷ್ಟಿ ಮಾಡಿಸಬೇಕು, ಮದುಮಕ್ಕಳನ್ನು ಹೆಲಿಕಾಪ್ಟರಿನಲ್ಲಿ ಇಳಿಸಬೇಕು, ಚುನಾವಣೆಯ ಹೊತ್ತಿಗೆ ನಾಯಕರನ್ನು ಕರೆಸಬೇಕು ಎಂದಾಗ ಮೊದಲು ನೆನಪಾಗುವುದು ಊರಿನ ಪದವು, ಅಂದರೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಬಯಲು. ಮರವಿಲ್ಲ, ತಂತಿಯಿಲ್ಲ, ಸಮತಟ್ಟು ಜಾಗ, ಲಾರಿ ಹತ್ತುವ ದಾರಿಯೂ ಇರುತ್ತದೆ. ಆ ಬಯಲನ್ನು ಒಂದು ದಿನದ ಮಟ್ಟಿಗೆ ಹೆಲಿಪ್ಯಾಡ್ ಮಾಡಿಕೊಡುವ ಬಾಡಿಗೆ ಸೇವೆಯೊಂದರ ವಿಮರ್ಶೆ ಇದು. ಸೇವೆಯ ಹೆಸರು ಹಾಕಿಲ್ಲ. ಇಂಥದೇ ಪ್ಯಾಕೇಜ್ ಕೊಡುವವರು ಬೇರೆಯವರೂ ಇದ್ದಾರೆ, ಕೊರತೆಗಳು ಹೆಚ್ಚುಕಮ್ಮಿ ಒಂದೇ ತೆರನಾಗಿವೆ. ಯಾರನ್ನು ಗೊತ್ತುಮಾಡಿದರೂ ಏನು ಕೇಳಬೇಕು, ಏನನ್ನು ಒಪ್ಪಬಾರದು ಎಂಬುದು ಉತ್ಸವ ಸಮಿತಿಯವರಿಗೆ ಗೊತ್ತಿರಬೇಕು.

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಧೂಳು ಕಟ್ಟುವ ಕೆಲಸ ಚೆನ್ನಾಗಿದೆ, ನೀರು ಮಾತ್ರ ಸಾಲದು. ಸ್ಥಾಯೀ ವಿದ್ಯುತ್ತಿನ (ಉಜ್ಜಾಟದಿಂದ ಹುಟ್ಟಿ ಮೈಯಲ್ಲೇ ಶೇಖರವಾಗುವ ವಿದ್ಯುತ್ತಿನ) ಬಗ್ಗೆ ಸಾಮಾನು ಇದೆ, ತಿಳಿವಳಿಕೆ ಇಲ್ಲ. ಡ್ರಮ್ಮಿನಿಂದ ಇಂಧನ ತುಂಬಿಸುವ ಸೌಲಭ್ಯವನ್ನು ಈಗಿರುವ ಸ್ಥಿತಿಯಲ್ಲಿ ಯಾರೂ ಬಳಸಬಾರದು. ಐದರಲ್ಲಿ ಮೂರು ಅಂಕ. ಆ ಮೂರೂ ನಾರಿನ ಚಾಪೆ ಹಾಸುವ ಹುಡುಗರ ಶ್ರದ್ಧೆಗೆ ಸಲ್ಲಬೇಕಾದವು.

ಪ್ಯಾಕೇಜಿನಲ್ಲಿ ಬರುವುದು ಇಷ್ಟು: ಜಾಗ ಗುಡಿಸುವುದು, 6,000 ಲೀಟರಿನ ಒಂದು ಟ್ಯಾಂಕರ್ ನೀರು, ತೆಂಗಿನ ನಾರಿನ ಜಾಲಚಾಪೆ ಅಥವಾ ಒಂದಕ್ಕೊಂದು ಕೊಂಡಿ ಹಾಕುವ ಪ್ಲಾಸ್ಟಿಕ್ ಹಾಸು, ಎಚ್ ಗುರುತು, ಗಾಳಿಚೀಲ, ನಾಲ್ಕು ಅಗ್ನಿಶಾಮಕ ಸಿಲಿಂಡರು, ಒಂದು ಅರ್ತಿಂಗ್ ರಾಡ್, ಕ್ಲಿಪ್ ಇರುವ ಎರಡು ಕೇಬಲ್. ಬೇಕೆಂದರೆ ಕೈಪಂಪು ಮತ್ತು ಇಂಧನದ ಡ್ರಮ್.

ಧೂಳು ಎಷ್ಟು ಏಳುತ್ತದೆ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ, ಲೆಕ್ಕ ಹಾಕಬಹುದು. ಏರ್‌ಬಸ್ ಎಚ್‌125 ಹೆಲಿಕಾಪ್ಟರಿನ ಪೂರ್ಣ ತೂಕ 2,250 ಕಿಲೋ, ರೋಟರಿನ ಅಡ್ಡಳತೆ 10.69 ಮೀಟರ್. ಆ ತೂಕವನ್ನು ಎತ್ತಿಹಿಡಿಯಲು ರೋಟರು ಕೆಳಕ್ಕೆ ತಳ್ಳುವ ಗಾಳಿಯ ವೇಗ ರೋಟರಿನ ಮಟ್ಟದಲ್ಲಿ ಸೆಕೆಂಡಿಗೆ ಸುಮಾರು 10 ಮೀಟರ್. ಕೆಳಗಿಳಿಯುತ್ತ ಅದು ಇಮ್ಮಡಿಯಾಗಿ ಗಂಟೆಗೆ 70 ಕಿಲೋಮೀಟರ್ ದಾಟುತ್ತದೆ. ನೆಲಕ್ಕೆ ಬಡಿದ ಗಾಳಿ ನಾಲ್ಕೂ ದಿಕ್ಕಿಗೆ ನೆಲವನ್ನು ಸವರಿಕೊಂಡೇ ಹರಿಯುವುದರಿಂದ ಅದರ ರಭಸವೆಲ್ಲ ಮೊಣಕಾಲಿನ ಮಟ್ಟದಲ್ಲಿರುತ್ತದೆ. ಎಡಬ್ಲ್ಯು139ರಂಥ 6,400 ಕಿಲೋದ ಯಂತ್ರ ಬಂದರೆ ಇದೇ ಲೆಕ್ಕ ಗಂಟೆಗೆ 95 ಕಿಲೋಮೀಟರಿಗೆ ಹೋಗುತ್ತದೆ. ಸೇವೆಯವರು ಎರಡಕ್ಕೂ ಒಂದೇ ಅಳತೆಯ ಹೆಲಿಪ್ಯಾಡ್ ಹಾಕುತ್ತಾರೆ. ಅದು ಸರಿಯಲ್ಲ. ಬರುವ ಹೆಲಿಕಾಪ್ಟರ್ ಯಾವುದು ಎಂದು ಬುಕಿಂಗ್ ದಿನವೇ ಕೇಳಿ, ಅದಕ್ಕೆ ತಕ್ಕಂತೆ ಜಾಗ ಅಳೆಯಬೇಕು.

ಮುರ ಮಣ್ಣಿನ ಗುಣ ಬೇರೆ. ಕೆಳಗೆ ಬಂಡೆಯಂತೆ ಗಟ್ಟಿ, ಮೇಲೆ ಬೆರಳು ಮುಳುಗುವಷ್ಟು ಹುಡಿ, ನಡುನಡುವೆ ಕಡಲೆ ಗಾತ್ರದ ಜಲ್ಲಿ. ಆ ಕೆಂಪು ಹುಡಿಯಲ್ಲಿ ಕಬ್ಬಿಣದ ಆಕ್ಸೈಡ್ ಜತೆಗೆ ಸ್ಫಟಿಕದ ಕಣಗಳೂ ಇವೆ. ಎಂಜಿನ್ನಿನ ಸಂಪೀಡಕದ (ಕಂಪ್ರೆಸರಿನ) ಎಲೆಗಳನ್ನು ಸವೆಸುವುದು ಈ ಸ್ಫಟಿಕವೇ. ತೀರ ನಯವಾದ ಕಣಗಳು ಎಂಜಿನ್ನಿನ ಬಿಸಿಭಾಗದಲ್ಲಿ ಕರಗಿ ಗಾಜಿನಂತೆ ಮೆತ್ತಿಕೊಳ್ಳಬಲ್ಲವು. ಫಿಲ್ಟರ್ ಇದ್ದ ಎಂಜಿನ್ ಉಳಿಯುತ್ತದೆ, ಆದರೆ ಫಿಲ್ಟರ್ ಕಟ್ಟಿದಷ್ಟೂ ಶಕ್ತಿ ಕುಗ್ಗುತ್ತದೆ. ಮಧ್ಯಾಹ್ನದ ಸೆಕೆಯಲ್ಲಿ ತುಂಬಿದ ಹೆಲಿಕಾಪ್ಟರಿಗೆ ಅದೇ ದೊಡ್ಡ ಹೊಡೆತ. ಇದಕ್ಕಿಂತ ಮೊದಲಿನ ಅಪಾಯ ಪೈಲಟ್ಟಿಗೆ ಕಣ್ಣು ಕಾಣದಿರುವುದು. ವೇಗ ಇಳಿಯುತ್ತಿದ್ದಂತೆ ಹಿಂದಿನಿಂದ ಬರುವ ಧೂಳಿನ ಮೋಡ ಕಾಕ್‌ಪಿಟ್ಟನ್ನು ದಾಟಿ ಮುಂದೆ ಹೋಗುತ್ತದೆ. ಆಗ ನೆಲ ಎಲ್ಲಿ, ಯಂತ್ರ ಯಾವ ಕಡೆಗೆ ಜಾರುತ್ತಿದೆ ಎಂಬುದೇ ತಿಳಿಯುವುದಿಲ್ಲ. 1980ರ ಏಪ್ರಿಲ್‌ನಲ್ಲಿ ಇರಾನಿನ ಮರುಭೂಮಿಯಲ್ಲಿ ಅಮೆರಿಕದ ಹೆಲಿಕಾಪ್ಟರೊಂದು ತಾನೇ ಎಬ್ಬಿಸಿದ ಧೂಳಿನಲ್ಲಿ ಪಕ್ಕದಲ್ಲಿದ್ದ ಇಂಧನ ವಿಮಾನಕ್ಕೆ ಬಡಿದು 8 ಮಂದಿ ಸತ್ತರು. ನೆಲದಲ್ಲಿ ನಿಂತು ಸನ್ನೆ ಮಾಡುತ್ತಿದ್ದವನನ್ನೇ ಪೈಲಟ್ ಗುರುತಾಗಿ ಹಿಡಿದಿದ್ದ, ಆತ ಗಾಳಿಯ ಹೊಡೆತಕ್ಕೆ ಹಿಂದೆ ಸರಿದಾಗ ಹೆಲಿಕಾಪ್ಟರೇ ಸರಿಯಿತು ಎಂದುಕೊಂಡ ಎಂಬುದು ಆ ಅವಘಡಕ್ಕೆ ಕೊಡುವ ವಿವರಣೆ. ಹಾಗಾಗಿ ಸನ್ನೆ ಮಾಡುವವರ ಜತೆಗೆ ಕದಲದ ಗುರುತು ಬೇಕು. ಸುಣ್ಣ ಹೊಡೆದ ಎರಡು ಮೂರು ದೊಡ್ಡ ಮುರಕಲ್ಲುಗಳನ್ನು ಪೈಲಟ್ ಕೂರುವ ಬದಿಯಲ್ಲಿ, ಹಾಸಿನ ಅಂಚಿನಿಂದ ಹೊರಗೆ, ಮಂಡಿಗಿಂತ ತಗ್ಗಾಗಿ ಇಟ್ಟರೆ ಸಾಕು. ಸೇವೆಯವರು ಇಡುವ ಪ್ಲಾಸ್ಟಿಕ್ ಕೋನುಗಳು ಮೊದಲ ಗಾಳಿಗೇ ಹಾರುತ್ತವೆ.

ಗುಡಿಸುವ ಕೆಲಸಕ್ಕೆ ಪೂರ್ಣ ಅಂಕ. ಹಿಡಿಸೂಡಿಯಲ್ಲಿ ಒಂದು ಸುತ್ತು, ಬಳಿಕ ತೋಟದ ಪೆಟ್ರೋಲ್ ಬ್ಲೋವರಿನಿಂದ ಇನ್ನೊಂದು ಸುತ್ತು ಮಾಡುತ್ತಾರೆ. ಗೇರಿನ ತರಗೆಲೆ, ಸೋಗೆಯ ತುಂಡು, ಬೀಡಿ ಕಟ್ಟಿನ ಪ್ಲಾಸ್ಟಿಕ್ ಯಾವುದೂ ಉಳಿಯುವುದಿಲ್ಲ. ಅದೇ ಬ್ಲೋವರನ್ನು ನೀರು ಹಾಕಿದ ಮೇಲೆ ಇನ್ನೊಮ್ಮೆ ಓಡಿಸಿ ನೋಡುವ ಪದ್ಧತಿಯೂ ಇವರಲ್ಲಿದೆ. ಎರಡು ಮೀಟರ್ ದೂರದಿಂದ ನೆಲಕ್ಕೆ ಓರೆಯಾಗಿ ಗಾಳಿ ಬಿಟ್ಟಾಗ ಕೆಂಪು ಎದ್ದರೆ ಇನ್ನೂ ನೀರು ಬೇಕೆಂದು ಅರ್ಥ. ಇಷ್ಟು ಸುಲಭದ, ಇಷ್ಟು ನಂಬಬಹುದಾದ ಪರೀಕ್ಷೆ ಬೇರೆ ಇಲ್ಲ.

ನೀರಿನ ವಿಷಯದಲ್ಲಿ ಮಾತ್ರ ಜಿಪುಣತನ ಕಾಣುತ್ತದೆ. ಎಚ್‌125 ಗಾತ್ರದ ಯಂತ್ರಕ್ಕೆ 40 ಮೀಟರ್ ಉದ್ದ 40 ಮೀಟರ್ ಅಗಲದ ಜಾಗ, ಅದು ಇಳಿದು ಬರುವ ದಿಕ್ಕಿಗೆ 30 ಮೀಟರ್ ಉದ್ದ 20 ಮೀಟರ್ ಅಗಲದ ಪಟ್ಟಿ, ಎರಡೂ ನೆನೆಯಬೇಕು. ಒಟ್ಟು 2,200 ಚದರ ಮೀಟರ್. ಚದರ ಮೀಟರಿಗೆ 3 ಲೀಟರ್ ಎಂದರೆ 3 ಮಿಲಿಮೀಟರ್ ಮಳೆ ಬಿದ್ದ ಹಾಗೆ. ಒಂದು ಸುತ್ತಿಗೆ 6,600 ಲೀಟರ್. ಹಿಂದಿನ ಸಂಜೆ ಒಂದು ಸುತ್ತು ಹಾಕಿ ಒಳಗೆ ಇಳಿಯಲು ಬಿಡಬೇಕು, ಇಳಿಯುವುದಕ್ಕೆ ಮುಕ್ಕಾಲು ಗಂಟೆ ಮೊದಲು ಇನ್ನೊಂದು ಸುತ್ತು. ಅಂದರೆ 13,000 ಲೀಟರಿಗಿಂತ ಮೇಲೆ. ಒಂದೇ ಟ್ಯಾಂಕರ್ ತಂದು ಬೆಳಿಗ್ಗೆ ಒಮ್ಮೆ ಚಿಮುಕಿಸಿ ಹೋದರೆ ಮೇಲಿನ ಪದರ ಮಾತ್ರ ಕಪ್ಪಾಗಿ ಕಾಣುತ್ತದೆ. ರೋಟರಿನ ಗಾಳಿ ಆ ಪದರವನ್ನು ಸೀಳಿದ ಕೂಡಲೇ ಅಡಿಯ ಒಣಹುಡಿ ಎದ್ದುಬರುತ್ತದೆ. ಮಾರ್ಚ್ ಏಪ್ರಿಲ್‌ನ ಬಿಸಿಲಿಗೆ ಮುರದ ಮೇಲ್ಮೈ ಗಂಟೆಯೊಳಗೆ ಒಣಗುವುದರಿಂದ ಹೆಲಿಕಾಪ್ಟರ್ ತಡವಾದರೆ ಮತ್ತೆ ಹಾಕಲು ನೀರು ಉಳಿದಿರಬೇಕು. ವಾಪಸು ಏರುವಾಗಲೂ ಧೂಳು ಏಳುತ್ತದೆ ಎಂಬುದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ನೀರು ಅತಿಯಾಗಿ ಕೆಸರಾಗುವ ಭಯ ಮುರದಲ್ಲಿ ಕಡಿಮೆ, ಬೈಲಿನ ಗದ್ದೆಯಲ್ಲಾದರೆ ಹೆಚ್ಚು. ಗದ್ದೆಯಲ್ಲಿ ಸ್ಕಿಡ್, ಅಂದರೆ ಹೆಲಿಕಾಪ್ಟರ್ ನಿಲ್ಲುವ ಉದ್ದದ ಕಾಲುಕೊಳವೆ, ಹೂತುಕೊಳ್ಳುತ್ತದೆ, ಏರುವಾಗ ಒಂದು ಬದಿ ಹಿಡಿದುಕೊಂಡರೆ ಹೆಲಿಕಾಪ್ಟರ್ ಮಗುಚಬಹುದು.

ಧೂಳು ಕೂರಿಸಲು ಉಪ್ಪುನೀರು ಹಾಕೋಣ, ಸಮುದ್ರ ಹತ್ತಿರವೇ ಇದೆ ಎಂಬ ಮಾತು ಕೇಳಿಬರುವುದುಂಟು. ಬೇಡ. ಕ್ಯಾಲ್ಸಿಯಂ ಕ್ಲೋರೈಡ್ ಸಹ ಬೇಡ. ರಸ್ತೆ ಕೆಲಸಕ್ಕೆ ಅವು ನಡೆದಾವು, ಅಲ್ಯೂಮಿನಿಯಂ ಮೈಯ ಯಂತ್ರಕ್ಕೆ ಉಪ್ಪು ತುಕ್ಕಿನ ಬೀಜ. ಸೆಗಣಿ ಸಾರಿಸಿದ ನೆಲ ಯಕ್ಷಗಾನದ ರಂಗಸ್ಥಳಕ್ಕೆ ಚಂದ. ಗಂಟೆಗೆ 70 ಕಿಲೋಮೀಟರ್ ಗಾಳಿಗೆ ಆ ಒಣಪದರ ಹಪ್ಪಳದ ಹಾಗೆ ಎದ್ದುಹೋಗುತ್ತದೆ.

ಎಚ್ ಗುರುತು ಹಾಕುವ ಬಗೆ ಬದಲಾಗಲೇಬೇಕು. ಕಬಡ್ಡಿ ಅಂಕಣಕ್ಕೆ ಗೆರೆ ಎಳೆದ ಹಾಗೆ ಒಣ ಸುಣ್ಣದ ಹುಡಿ ಉದುರಿಸಿ ಬರೆಯುತ್ತಾರೆ. ಎಷ್ಟು ನೀರು ಹಾಕಿ ಧೂಳು ಕಟ್ಟಿದರೂ ನಟ್ಟನಡುವೆ ನಾವೇ ಹೊಸ ಧೂಳು ಸುರಿದಂತಾಯಿತು. ಸುಣ್ಣದ ಹುಡಿ ಕಣ್ಣಿಗೆ ಹೋದರೆ ಸುಡುತ್ತದೆ, ಬೆವರಿದ ಮುಖದಲ್ಲಿ ಇನ್ನೂ ಕೆಟ್ಟದು, ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ಸುಣ್ಣವನ್ನು ಗಟ್ಟಿಯಾಗಿ ಕಲಸಿ, ಸ್ವಲ್ಪ ಅಂಟು ಸೇರಿಸಿ, ಹಿಂದಿನ ದಿನವೇ ಬ್ರಷ್ಷಿನಿಂದ ಮುರದ ಮೇಲೆ ಬಳಿಯಬೇಕು. ಒಣಗಿದ ಮೇಲೆ ಅಂಗೈಯಿಂದ ಉಜ್ಜಿದರೆ ಬಿಳಿ ಹತ್ತಬಾರದು.

ಇನ್ನು ಹಾಸು. ನಾರಿನ ಜಾಲಚಾಪೆ ಈ ಸೇವೆಯ ಅತ್ಯುತ್ತಮ ಭಾಗ. ಗುಡ್ಡದ ಮಣ್ಣು ಜಾರದ ಹಾಗೆ ಕೇರಳದಲ್ಲೆಲ್ಲ ಹಾಸುವ ಅದೇ ಚಾಪೆ, ಚದರ ಮೀಟರಿಗೆ 900 ಗ್ರಾಂ ತೂಕದ್ದು. ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಕಣ್ಣುಗಳೊಳಗೆ ಜಲ್ಲಿ ಸಿಕ್ಕಿ ನಿಲ್ಲುತ್ತದೆ. 12 ಮೀಟರ್ ಚೌಕಕ್ಕೆ 130 ಕಿಲೋ ಚಾಪೆ ಬೇಕು. ಅಪಾಯ ಇರುವುದು ಅಂಚಿನಲ್ಲಿ. ಸೆಕೆಂಡಿಗೆ 20 ಮೀಟರ್ ಗಾಳಿ ಚದರ ಮೀಟರಿಗೆ ಸುಮಾರು 24 ಕಿಲೋ ತೂಕದಷ್ಟು ಒತ್ತಡ ಹಾಕಬಲ್ಲದು. ಚಾಪೆಯ ಸ್ವಂತ ತೂಕ ಒಂದು ಕಿಲೋ ಕೂಡ ಇಲ್ಲ. ಜಾಲವಾದ್ದರಿಂದ ಗಾಳಿ ನಡುವಿನಿಂದ ನುಸುಳುತ್ತದೆ ನಿಜ, ಆದರೆ ಒಂದು ಮೂಲೆ ಎದ್ದರೆ ಇಡೀ ಚಾಪೆ ಮೇಲೆದ್ದು ಹಿಂದಿನ ರೋಟರಿಗೆ ಸುತ್ತಿಕೊಳ್ಳುತ್ತದೆ. ಹುಡುಗರು ಮಾಡುವ ಕ್ರಮ ಹೀಗಿದೆ: ಅಂಚಿನ ಸುತ್ತ ಒಂದು ಗೇಣು ಆಳದ ಚಡಿ ತೋಡಿ ಚಾಪೆಯ ತುದಿಯನ್ನು ಅದರೊಳಗೆ ಮಡಚುವುದು, ಮಣ್ಣು ತುಂಬಿ ತುಳಿದು ಗಟ್ಟಿಮಾಡುವುದು, ಅಂಚಿನಲ್ಲಿ ಅರ್ಧ ಮೀಟರಿಗೊಂದು, ಒಳಗೆ ಮೀಟರಿಗೊಂದು ಕೊಕ್ಕೆ ಮೊಳೆ ಹೊಡೆಯುವುದು. ಮುರಕ್ಕೆ ಮೊಳೆ ನೇರ ಇಳಿಯದು, ಬಾಗುತ್ತದೆ. ಹ್ಯಾಮರ್ ಡ್ರಿಲ್‌ನಿಂದ ತೂತು ಕೊರೆದು ಮೊಳೆ ಇಳಿಸಿ ಒದ್ದೆ ಮಣ್ಣು ತುರುಕುತ್ತಾರೆ. ಕೊನೆಗೆ ಇಬ್ಬರು ಪ್ರತಿ ಅಂಚನ್ನೂ ಕೈಯಿಂದ ಎಳೆದು ನೋಡುತ್ತಾರೆ. ನೋಡಿ ಕಲಿಯಬೇಕಾದ ಕೆಲಸ.

ಇದರ ಬದಲು ಪ್ಲಾಸ್ಟಿಕ್ ಹಾಸು ಆರಿಸಿಕೊಂಡರೆ ಫೋಟೋ ಚಂದ ಬರುತ್ತದೆ, ಧೂಳೂ ಏಳುವುದಿಲ್ಲ. ಎರಡನೆಯ ತೊಂದರೆ ಇಲ್ಲಿಂದ ಶುರುವಾಗುತ್ತದೆ.

ತಿರುಗುವ ರೋಟರಿನ ಎಲೆಗಳಿಗೆ ಧೂಳಿನ ಕಣ ಉಜ್ಜಿದಾಗ ವಿದ್ಯುತ್ತಿನ ಆವೇಶ (ಚಾರ್ಜ್) ಹುಟ್ಟುತ್ತದೆ. ಗಾಳಿಯಲ್ಲಿರುವ ಯಂತ್ರಕ್ಕೆ ಅದನ್ನು ಇಳಿಸಲು ನೆಲದ ಸಂಪರ್ಕವಿಲ್ಲ, ಹಾಗಾಗಿ ಮೈಯಲ್ಲೇ ಶೇಖರವಾಗುತ್ತದೆ. ಒಣಧೂಳಿನಲ್ಲಿ ದೊಡ್ಡ ಸೇನಾ ಹೆಲಿಕಾಪ್ಟರುಗಳಲ್ಲಿ ಇದು ಲಕ್ಷ ವೋಲ್ಟಿನ ಮಟ್ಟಕ್ಕೂ ಹೋಗುತ್ತದೆ. ಸಣ್ಣ ಯಂತ್ರಕ್ಕೆ 500 ಪಿಕೊಫ್ಯಾರಡ್ ಧಾರಕತೆ (ಆವೇಶ ಹಿಡಿದಿಡುವ ಸಾಮರ್ಥ್ಯ), 30,000 ವೋಲ್ಟ್ ಎಂದುಕೊಂಡರೂ ಒಟ್ಟು ಶಕ್ತಿ 0.2 ಜೂಲ್ ದಾಟುತ್ತದೆ. ಅದು ಮನುಷ್ಯನನ್ನು ಕೊಲ್ಲುವುದಿಲ್ಲ, ಬೆಚ್ಚಿಬೀಳಿಸುತ್ತದೆ. ಆದರೆ ತಿರುಗುತ್ತಿರುವ ಹಿಂದಿನ ರೋಟರಿನ ಬಳಿ ಬೆಚ್ಚಿ ಹೆಜ್ಜೆ ತಪ್ಪುವುದು ಪ್ರಾಣಕ್ಕೆ ಕುತ್ತು. ಇನ್ನು ಪೆಟ್ರೋಲಿನಂಥ ಇಂಧನದ ಆವಿ ಹೊತ್ತಿಕೊಳ್ಳಲು ಬೇಕಾದ ಕಿಡಿ 0.2 ಮಿಲಿಜೂಲ್ ಮಾತ್ರ. ಮೇಲಿನ ಶಕ್ತಿ ಅದರ ಸಾವಿರ ಪಾಲಿಗಿಂತ ಹೆಚ್ಚು.

ಸ್ಕಿಡ್ ನೇರ ಮುರದ ಮೇಲೋ ಒದ್ದೆ ನಾರಿನ ಮೇಲೋ ಕೂತರೆ ಈ ಆವೇಶ ಕಣ್ಣುಮಿಟುಕಿಸುವುದರೊಳಗೆ ಇಳಿದುಹೋಗುತ್ತದೆ. ಒಣಗಿದ, ಸ್ವಚ್ಛವಾದ ಪ್ಲಾಸ್ಟಿಕ್ಕಿನ ಮೇಲೆ ಕೂತರೆ ಇಳಿಯುವುದಿಲ್ಲ. ಹಾಸಿನ ರೋಧ 10 ಲಕ್ಷ ಮೆಗಾಓಮ್ ಇದ್ದರೆ ಮೇಲಿನ ಯಂತ್ರದ ಆವೇಶ ಮೂರನೆಯ ಒಂದು ಭಾಗಕ್ಕೆ ಇಳಿಯಲು ಎಂಟು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರೊಳಗೆ ಮೊದಲು ಬಾಗಿಲ ಹಿಡಿಕೆಗೆ ಕೈಹಾಕುವ ಸ್ವಯಂಸೇವಕನ ಮೂಲಕ ಅದು ನೆಲಕ್ಕೆ ಇಳಿಯುತ್ತದೆ. ಧೂಳು ತಡೆಯಲೆಂದು ತಂದ ಹಾಸು ಆವೇಶವನ್ನು ಕಾಪಿಟ್ಟುಕೊಡುತ್ತದೆ ಎಂಬ ಈ ಸಂಬಂಧ ಸೇವೆಯ ಯಾರಿಗೂ ಗೊತ್ತಿರಲಿಲ್ಲ. ನೀರು ಮತ್ತು ನಾರು ಧೂಳು, ಆವೇಶ ಎರಡಕ್ಕೂ ಮದ್ದು. ಪ್ಲಾಸ್ಟಿಕ್ ಒಂದಕ್ಕೆ ಮದ್ದು, ಇನ್ನೊಂದಕ್ಕೆ ಗೊಬ್ಬರ. ಅದನ್ನೇ ಹಾಸಬೇಕಾಗಿ ಬಂದರೆ ಇಳಿಯುವ ಮುಂಚೆ ಹಾಸಿನ ಮೇಲೆಯೂ ಅಂಚಿನವರೆಗೂ ನೀರು ಹರಿಸಿ, ಮಣ್ಣುನೀರಿನ ಒದ್ದೆ ಪದರ ಹಾಸಿನಿಂದ ನೆಲಕ್ಕೆ ಮುಟ್ಟುವಂತೆ ನೋಡಿಕೊಳ್ಳಬೇಕು. ಅಷ್ಟಾದರೂ ಮೊದಲು ಮುಟ್ಟಬೇಕಾದದ್ದು ಅರ್ತಿಂಗ್ ಕ್ಲಿಪ್, ಕೈ ಅಲ್ಲ.

“ಅಣ್ಣ, ಇಲ್ಲಿ ಹವೆಯೇ ಚಂಡಿ, ಕರೆಂಟ್ ಎಲ್ಲಿಂದ ಬರ್ತದೆ?” ಎಂಬುದು ಕೇಬಲ್ ಹಿಡಿದವರ ವಾದ. ನೈಲಾನ್ ಅಂಗಿ ಚಟಚಟ ಅನ್ನದಿರುವುದು ಕರಾವಳಿಯ ತೇವದಿಂದ, ನಿಜ. ಆದರೆ ರೋಟರಿಗೆ ಆವೇಶ ಕೊಡುವುದು ಕಣಗಳ ಬಡಿತ. ಒಣಧೂಳು ಎದ್ದರೆ ಕರಾವಳಿಯಲ್ಲೂ ಆವೇಶ ಹುಟ್ಟುತ್ತದೆ, ಮಳೆಹನಿಯಿಂದಲೂ ಹುಟ್ಟುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆಯೂ ಚಾಲ್ತಿಯಲ್ಲಿದೆ. ರಾತ್ರಿ ಮರಳಿನಲ್ಲಿ ಇಳಿಯುವ ಹೆಲಿಕಾಪ್ಟರಿನ ರೋಟರಿನ ಸುತ್ತ ಕಾಣುವ ಬೆಳಕಿನ ಬಳೆಯ ಫೋಟೋ ತೋರಿಸಿ ಇದೇ ಸ್ಥಾಯೀ ವಿದ್ಯುತ್ ಎನ್ನುತ್ತಾರೆ. 2009ರಲ್ಲಿ ಅಫ್ಘಾನಿಸ್ತಾನದ ಯುದ್ಧದಲ್ಲಿ ಮಡಿದ ಇಬ್ಬರು ಯೋಧರ ನೆನಪಿಗೆ ಕಾಪ್–ಎಚೆಲ್ಸ್ ಪರಿಣಾಮ ಎಂದು ಹೆಸರಾದ ಆ ಬೆಳಕು ಬೇರೆಯದೇ. ಎಲೆಯ ಅಂಚಿನ ಲೋಹದ ಕವಚವನ್ನು ಮರಳು ಕೆರೆದಾಗ ಹಾರುವ ಲೋಹದ ಚೂರುಗಳು ಗಾಳಿಯಲ್ಲಿ ಉರಿದು ಹೊಳೆಯುತ್ತವೆ. ವಿದ್ಯುತ್ತಿನ ಆವೇಶ ಕಣ್ಣಿಗೆ ಕಾಣುವುದಿಲ್ಲ, ಬಳೆ ಕಾಣಲಿಲ್ಲವೆಂದು ಧೈರ್ಯ ತಾಳಬಾರದು.

ಅರ್ತಿಂಗ್ ರಾಡಿನ ಕಥೆ ಹೇಳಲೇಬೇಕು. ನಾಲ್ಕಡಿ ಉದ್ದದ ಕಬ್ಬಿಣದ ರಾಡನ್ನು ಸುತ್ತಿಗೆಯಿಂದ ಮುರಕ್ಕೆ ಹೊಡೆಯಲು ಹೋಗುತ್ತಾರೆ. ಅದು ಅರ್ಧಡಿಯಲ್ಲಿ ನಿಂತು ಬಾಗುತ್ತದೆ, ಕಲ್ಲುಗಳ ಸಂದಿಯಲ್ಲಿ ಸಿಕ್ಕಿಸಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಮನೆಯ ಅರ್ತಿಂಗಿನ ಲೆಕ್ಕದಲ್ಲಿ ಇದ್ದಲು, ಉಪ್ಪು ಹಾಕಿ ಆಳದ ಗುಂಡಿ ತೆಗೆಯಬೇಕು, ಅದು ಒಂದು ದಿನದ ಕೆಲಸಕ್ಕೆ ಆಗದ ಮಾತು ಎಂದು ಕೈಬಿಡುತ್ತಾರೆ. ಎರಡೂ ತಪ್ಪು. ಮನೆಯ ಅರ್ತಿಂಗಿಗೆ ಕೆಲವೇ ಓಮ್ ಬೇಕು, ಏಕೆಂದರೆ ಅಲ್ಲಿ ದೊಡ್ಡ ಕರೆಂಟು ಹರಿದು ಫ್ಯೂಸ್ ಹೋಗಬೇಕು. ಸ್ಥಾಯೀ ಆವೇಶಕ್ಕೆ ಒಂದು ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಧಾರಾಳ. ಆ ರೋಧದಲ್ಲೂ ಮೇಲೆ ಹೇಳಿದ ಯಂತ್ರ ಒಂದು ಸೆಕೆಂಡಿನ ಸಾವಿರದ ಕೆಲವು ಭಾಗದಲ್ಲಿ ಖಾಲಿಯಾಗುತ್ತದೆ. ಹಾರೆಯಿಂದಲೋ ಡ್ರಿಲ್ಲಿನಿಂದಲೋ ಎರಡಡಿ ಆಳದ ತೂತು, ಅದರೊಳಗೆ ರಾಡ್, ಸುತ್ತ ಬೈಲಿನ ಜೇಡಿಮಣ್ಣು ಕಲಸಿ ತುಂಬಿ ಅರ್ಧ ಬಕೆಟ್ ನೀರು. ಹತ್ತು ನಿಮಿಷದ ಕೆಲಸ.

ಕೇಬಲ್ ಪರೀಕ್ಷೆಯೂ ಅಷ್ಟೇ ಸರಳ. ಮಲ್ಟಿಮೀಟರಿನ ಎರಡು ತುದಿಯನ್ನು ಎರಡು ಕ್ಲಿಪ್ಪಿಗೆ ಹಿಡಿದು ಕೇಬಲ್ಲನ್ನು ಉದ್ದಕ್ಕೂ ಅಲುಗಿಸಬೇಕು. ಕೆಲವೇ ಓಮ್ ತೋರಿಸಿ ಅಂಕಿ ಕದಲದೆ ನಿಂತರೆ ಸರಿ. ಕುಣಿದರೆ ಒಳಗೆ ಎಳೆ ತುಂಡಾಗಿದೆ. ಈ ಸೇವೆ ತಂದ ಎರಡು ಕೇಬಲ್ಲಿನಲ್ಲಿ ಒಂದರ ಕ್ಲಿಪ್ಪಿನ ಹಲ್ಲು ಪೂರಾ ತುಕ್ಕು ಹಿಡಿದಿತ್ತು, ಹಿಡಿಕೆಯ ಬಳಿ ತಂತಿಯನ್ನು ಬರೀ ಇನ್ಸುಲೇಷನ್ ಟೇಪಿನಿಂದ ಸುತ್ತಲಾಗಿತ್ತು. ಮೀಟರಿನಲ್ಲಿ ಅದು ಸಂಪರ್ಕವನ್ನೇ ತೋರಿಸಲಿಲ್ಲ. ಕ್ಲಿಪ್ಪನ್ನು ಬಣ್ಣ ಬಳಿದ ಭಾಗಕ್ಕೆ ಹಾಕಿದರೂ ಪ್ರಯೋಜನವಿಲ್ಲ. ಆಂಟೆನಾಕ್ಕೆ, ವೇಗ ಅಳೆಯುವ ಪಿಟೊ ಕೊಳವೆಗೆ ಎಂದೂ ಹಾಕಬಾರದು. ಎಲ್ಲಿ ಹಾಕಬೇಕೆಂದು ಪೈಲಟ್ ತೋರಿಸುತ್ತಾರೆ, ಕೇಳಿದರಾಯಿತು.

ಡ್ರಮ್ಮಿನ ಇಂಧನ ಏಕೆ ಬೇಡ ಎಂದರೆ, ಹೆಸರಿಗೆ ಎಲ್ಲವೂ ಇದೆ, ಕ್ರಮ ಮಾತ್ರ ತಲೆಕೆಳಗು. ಮೊದಲು ಮುಚ್ಚಳ ತೆಗೆದು, ಪೈಪ್ ಒಳಗೆ ಹಾಕಿ, ಬಳಿಕ ನೆನಪಾದರೆ ಕೇಬಲ್ ಸಿಕ್ಕಿಸುತ್ತಾರೆ. ಆಗಬೇಕಾದದ್ದು ಹೀಗೆ: ರೋಟರು ಪೂರ್ತಿ ನಿಲ್ಲಬೇಕು. ಡ್ರಮ್, ಪಂಪು, ಹೆಲಿಕಾಪ್ಟರ್ ಮೂರನ್ನೂ ಕೇಬಲ್ಲಿನಿಂದ ಒಂದಕ್ಕೊಂದು ಜೋಡಿಸಬೇಕು. ನೆಲದ ಸಂಪರ್ಕಕ್ಕಿಂತ ಈ ಜೋಡಣೆಯೇ ಮುಖ್ಯ, ಏಕೆಂದರೆ ಎರಡು ಲೋಹಗಳ ನಡುವೆ ವ್ಯತ್ಯಾಸ ಇದ್ದರೆ ತಾನೇ ಕಿಡಿ. ಬಳಿಕ ನಾಜಲ್ಲಿನ ಸಣ್ಣ ತಂತಿಯನ್ನು ಟ್ಯಾಂಕಿನ ಬಾಯಿಯ ಬಳಿಯ ಸಾಕೆಟ್ಟಿಗೆ ಸಿಕ್ಕಿಸಬೇಕು. ಆಮೇಲೆ ಮುಚ್ಚಳ. ಮುಗಿದ ಮೇಲೆ ಮೊದಲು ಮುಚ್ಚಳ ಹಾಕಿ, ಕೊನೆಗೆ ಕೇಬಲ್ ಬಿಚ್ಚಬೇಕು. ಕೊಳವೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಫಿಲ್ಟರಿನಲ್ಲಿ ಹರಿಯುವಾಗ ಇಂಧನವೇ ಆವೇಶ ಹೊರುತ್ತದೆ. ಟರ್ಬೈನ್ ಎಂಜಿನ್ನಿನ ಇಂಧನವಾದ ಜೆಟ್ ಎ-1ಕ್ಕೆ ಸೇರಿಸುವ ವಾಹಕತೆಯ ದ್ರವ್ಯದಿಂದ ಅದರ ವಾಹಕತೆ ಮೀಟರಿಗೆ 50ರಿಂದ 600 ಪಿಕೊಸೀಮೆನ್ಸ್ ಇರಬೇಕೆಂಬ ನಿಯಮವಿದೆ, ಆಗ ಆವೇಶ ಸೆಕೆಂಡಿನೊಳಗೆ ಕರಗುತ್ತದೆ. ಹಳೆಯ ಡ್ರಮ್ಮಿನಲ್ಲಿ ಬಹಳ ದಿನ ಕೂತ ಇಂಧನದಲ್ಲಿ ಆ ಗುಣ ಕುಗ್ಗಿರುತ್ತದೆ. ಕೈಪಂಪನ್ನು ನಿಧಾನ ತಿರುಗಿಸಬೇಕು, ನಾಜಲ್ಲಿನ ತುದಿಯಿಂದ ಇಂಧನ ಎತ್ತರದಿಂದ ಧುಮುಕಬಾರದು.

ಜೆಟ್ ಎ-1 ಸೀಮೆಎಣ್ಣೆಯ ಹಾಗೆ, ಸುಲಭಕ್ಕೆ ಹತ್ತುವುದಿಲ್ಲ ಎನ್ನುವವರು ಒಂದು ಅಂಕಿ ನೆನಪಿಡಲಿ: ಅದರ ಆವಿ ಹೊತ್ತಿಕೊಳ್ಳುವ ಉಷ್ಣತೆಯ ಕನಿಷ್ಠ ಮಿತಿ 38 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಬಿದ್ದ ಕಬ್ಬಿಣದ ಡ್ರಮ್ ಅದನ್ನು ಸಲೀಸಾಗಿ ದಾಟುತ್ತದೆ. ಸೇವೆಯವರು ಡ್ರಮ್ಮನ್ನು ನೆರಳಿಲ್ಲದೆ, ಲಾರಿಯ ಪಕ್ಕ ನಿಲ್ಲಿಸಿದ್ದರು. ಆರ್‌44ರಂಥ ಪಿಸ್ಟನ್ ಎಂಜಿನ್ ಹೆಲಿಕಾಪ್ಟರಿನ ಇಂಧನವಂತೂ ವಿಮಾನದ ಪೆಟ್ರೋಲ್, ಯಾವ ಋತುವಿನಲ್ಲೂ ಹತ್ತುತ್ತದೆ. ಪ್ಲಾಸ್ಟಿಕ್ ಕ್ಯಾನಿಗೂ ಪ್ಲಾಸ್ಟಿಕ್ ಆಲಿಕೆಗೂ ಇಲ್ಲಿ ಜಾಗವಿಲ್ಲ. ಡ್ರಮ್ಮಿನೊಳಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಊದಿ ಆವಿ ಓಡಿಸುವ ಉಪಾಯವನ್ನು ಯಾರಾದರೂ ಹೇಳಿದರೆ ತಡೆಯಿರಿ. ಆ ಹಿಮದಂಥ ಪುಡಿ ಚಿಮ್ಮುವಾಗಲೇ ಆವೇಶ ಹುಟ್ಟುತ್ತದೆ. ಬೆಂಕಿ ಹತ್ತಿದ ಮೇಲೆ ಮಾತ್ರ ಅದು ಬಳಕೆಗೆ. ಇಷ್ಟೆಲ್ಲ ತಲೆನೋವಿಗಿಂತ ಬಜ್ಪೆಯ ವಿಮಾನ ನಿಲ್ದಾಣದಲ್ಲೋ, 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರಿನಲ್ಲೋ ಹೋಗಿಬರುವಷ್ಟು ಇಂಧನ ಹಾಕಿಸಿಕೊಂಡು ಬರುವುದು ಮೇಲು. ಪೆರ್ಲದಿಂದ ಬಜ್ಪೆ ಕಾಲು ಗಂಟೆಯ ಹಾರಾಟ.

ಹಗ್ಗಕ್ಕೆ ನೇತುಹಾಕಿ ಸಾಮಾನು ಎತ್ತುವ ಕೆಲಸಕ್ಕೂ ಹುಡುಗರನ್ನು ಕೊಡುತ್ತೇವೆ ಎಂದು ಇವರ ಪಟ್ಟಿಯಲ್ಲಿದೆ. ಆವೇಶ ಇಳಿಸುವ ಕೋಲು, ಅಂದರೆ ಒಂದು ತುದಿಯಲ್ಲಿ ಲೋಹದ ಕೊಕ್ಕೆ, ನಡುವೆ ವಿದ್ಯುತ್ ಹರಿಯದ ಹಿಡಿಕೆ, ಕೊಕ್ಕೆಯಿಂದ ಅರ್ತಿಂಗ್ ರಾಡಿಗೆ ಕೇಬಲ್ ಇರುವ ಸಾಧನ, ಇವರ ಬಳಿ ಇಲ್ಲ. ಇಲ್ಲದೆ ಈ ಕೆಲಸಕ್ಕೆ ಒಪ್ಪಬಾರದು. ಗಾಳಿಯಲ್ಲೇ ನಿಂತ ಹೆಲಿಕಾಪ್ಟರಿಗೆ 10 ಮೈಕ್ರೊಆಂಪಿಯರಿನಷ್ಟು ಆವೇಶ ಬರುತ್ತಿದ್ದರೂ ಒಂದೇ ಸೆಕೆಂಡಿನಲ್ಲಿ 20,000 ವೋಲ್ಟ್ ಮತ್ತೆ ಏರುತ್ತದೆ. ಒಮ್ಮೆ ಮುಟ್ಟಿಸಿ ತೆಗೆದರೆ ಸಾಲದು, ಕೊಕ್ಕೆ ಸಿಕ್ಕಿಸಿ ಮುಗಿಯುವ ತನಕ ಕೋಲು ತಾಗಿಕೊಂಡೇ ಇರಬೇಕು. 2018ರ ಆಗಸ್ಟಿನ ನೆರೆಯಲ್ಲಿ ನೌಕಾಪಡೆಯ ಹೆಲಿಕಾಪ್ಟರುಗಳು ಕೇರಳದ ಮನೆಗಳ ಮಾಡಿನಿಂದ ಜನರನ್ನು ಎತ್ತಿದ್ದು ಎಲ್ಲರಿಗೂ ನೆನಪಿದೆ. ಅಂಥ ಹೊತ್ತಿನಲ್ಲೂ ಇಳಿದುಬರುವ ಕೊಕ್ಕೆಯನ್ನು ಹಾರಿ ಹಿಡಿಯಬಾರದು, ಅದು ಮೊದಲು ನೆಲವನ್ನೋ ನೀರನ್ನೋ ಮುಟ್ಟಲಿ.

ಹೊತ್ತು, ಗಾಳಿ, ಜನ. ಮಧ್ಯಾಹ್ನದ ಮೇಲೆ ಕಡಲಗಾಳಿ ಪಡುವಣದಿಂದ ಬೀಸುವುದರಿಂದ ಹೆಲಿಕಾಪ್ಟರ್ ಪಡುವಣಕ್ಕೆ ಮುಖಮಾಡಿ ಇಳಿಯುತ್ತದೆ, ಧೂಳು ಮೂಡಣಕ್ಕೆ ಹೋಗುತ್ತದೆ. ಜನರನ್ನು ಉತ್ತರಕ್ಕೋ ದಕ್ಷಿಣಕ್ಕೋ 60 ಮೀಟರ್ ಆಚೆ ನಿಲ್ಲಿಸಬೇಕು. ಶಾಮಿಯಾನ, ಫೈಬರ್ ಕುರ್ಚಿ, ಬಂಟಿಂಗ್ಸ್ ಅದಕ್ಕಿಂತಲೂ ದೂರ. ಧನು ಮಕರದ ತಿಂಗಳಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಇಳಿಸಿದರೆ ಮಂಜಿನ ಪಸೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಹೂ ತುಂಬುವುದು ರೋಟರು ನಿಂತ ಮೇಲೆ, ಬಿಡಿ ಎಸಳು ಮಾತ್ರ, ಬಟ್ಟೆಯ ಚೀಲದಲ್ಲಿ. ಮಾಲೆಯೂ ಪ್ಲಾಸ್ಟಿಕ್ ಗೋಣಿಯೂ ಯಂತ್ರದ ಹತ್ತಿರ ಸುಳಿಯಬಾರದು.

ಜಾಗ ಆರಿಸುವಾಗ ಇಲ್ಲಿಯವರು ಇನ್ನೊಂದನ್ನೂ ನೋಡಬೇಕು. ಗೇರು ತೋಪುಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಜಿಲ್ಲೆ ಇದು, ಎಣ್ಮಕಜೆ ಪಡ್ರೆಯ ಮನೆಗಳು ಆ ನೋವನ್ನು ಈಗಲೂ ಉಣ್ಣುತ್ತಿವೆ. ಅಲ್ಲಿ ಹೆಲಿಕಾಪ್ಟರಿನ ಸದ್ದು ಎಂದರೆ ಏನು ಎಂದು ಹೇಳಬೇಕಾಗಿಲ್ಲ. ಹಿಂದೆ ವಿಷ ಕಲಸಿ ತುಂಬಿಸಿದ ಜಾಗಗಳನ್ನು ಹೆಲಿಪ್ಯಾಡಿಗೆ ಮುಟ್ಟಲೇಬಾರದು. ಬೇರೆ ಜಾಗವಾದರೂ ಸುತ್ತಲಿನ ಮನೆಗಳಿಗೆ ಎರಡು ದಿನ ಮೊದಲೇ ಹೋಗಿ ಯಾರು ಬರುತ್ತಾರೆ, ಏಕೆ, ಎಷ್ಟು ಹೊತ್ತಿಗೆ ಎಂದು ತಿಳಿಸಬೇಕು. ತೆರೆದ ಬಾವಿಗೆ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬೀಳುವ ಕೆರೆಗೆ ಬಲೆಯೋ ತಾಡಪಾಲೋ ಬಿಗಿದು ಕಟ್ಟಿಕೊಡಬೇಕು, ಕೊಟ್ಟಿಗೆಯ ದನಗಳನ್ನು ದೂರ ಕಟ್ಟಲು ಹೇಳಬೇಕು. ಈ ಸೇವೆಯ ಪ್ಯಾಕೇಜಿನಲ್ಲಿ ಇದು ಇಲ್ಲ. ಸಮಿತಿಯೇ ಮಾಡಬೇಕು.

ಬುಕ್ ಮಾಡುವವರು ಮೂರು ಟ್ಯಾಂಕರ್ ನೀರನ್ನು ಕರಾರಿನಲ್ಲೇ ಬರೆಸಿಕೊಳ್ಳಿ, ನಾರಿನ ಚಾಪೆಯನ್ನೇ ಕೇಳಿ, ಕೇಬಲ್ ಪರೀಕ್ಷೆ ನಿಮ್ಮ ಊರಿನ ವಯರಿಂಗ್ ಹುಡುಗನಿಂದಲೇ ಮಾಡಿಸಿ. ಚಾಪೆಗೆ ಹೊಡೆದ ಮೊಳೆಗಳನ್ನು ಎಣಿಸಿ ಬರೆದಿಟ್ಟು, ಕಿತ್ತ ಮೇಲೆ ಮತ್ತೆ ಎಣಿಸಿ ಲೆಕ್ಕ ಸರಿಹೋದ ಮೇಲೆಯೇ ಬಾಕಿ ದುಡ್ಡು ಕೊಡಿ. ಪದವಿನಲ್ಲಿ ಮರುದಿನ ದನ ಮೇಯುತ್ತದೆ, ಮಕ್ಕಳು ಕ್ರಿಕೆಟ್ ಆಡುತ್ತಾರೆ.